ಮೊದಲ ಸೆಮಿ ಆಟೋ ರೈಫಲ್: ಕೋವಿಗೆ ಕಮ್ಮಿ, ಗುಂಡಿಗೆ ಜಾಸ್ತಿ

ನಮ್ಮೂರ ಮನೆಯಲ್ಲಿ ಅಜ್ಜನ ಜೋಡಿ ನಳಿಗೆ ಕೋವಿ ಒಂದಿತ್ತು. ಚುನಾವಣೆ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿ ತಂದು ದೇವರ ಗೂಡಿನ ಹಿಂದೆ ಇಡುತ್ತಿದ್ದರು. ಲೈಸೆನ್ಸ್ ಪುಸ್ತಕಕ್ಕೆ ಇದ್ದ ಮರ್ಯಾದೆ ಜಮೀನಿನ ಪತ್ರಕ್ಕೂ ಇರಲಿಲ್ಲ. ಹಾಗೆ ಬೆಳೆದವನು ಟೆಕ್ಸಸ್‌ಗೆ ಬಂದು, ಟೆಂಟು, ಮೀನಿನ ಗಾಳ, ಚಪ್ಪಲಿ ಮಾರುವ ಅಂಗಡಿಯಲ್ಲೇ ಗೋಡೆಗೆ ಸಾಲಾಗಿ ನಿಲ್ಲಿಸಿದ ರೈಫಲ್‌ಗಳನ್ನು ಕಂಡಾಗ ಸುಮ್ನೆ ನಿಂತುಬಿಟ್ಟಿದ್ದೆ.

ಕೆಲವು ವರ್ಷದ ನಂತರ, ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ, ನಾನೂ ಒಂದು ಕೊಂಡೆ. ಕೊಳ್ಳುವಾಗ ಎರಡು ತಪ್ಪು ಮಾಡಿದೆ. ಈಗ ವಾರಾಂತ್ಯದಲ್ಲಿ ಗುರಿ ಹೊಡೆಯುವುದನ್ನು ಕಲಿಯಬೇಕು ಅಂತ ಆಸೆ ಇರುವ ಗೆಳೆಯರು ಕೇಳುತ್ತಿರುತ್ತಾರೆ: "ಕಮ್ಮಿ ದುಡ್ಡಲ್ಲಿ ಯಾವುದು ತಗೊಳ್ಳಲಿ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಇದು ಅಮೆರಿಕದಲ್ಲಿ ಇರುವವರಿಗೆ ಮಾತ್ರ. ಭಾರತದ ಕಾನೂನೇ ಬೇರೆ, ಅಲ್ಲಿಗೆ ಇದರಲ್ಲಿ ಯಾವುದೂ ಹೊಂದುವುದಿಲ್ಲ.

ಮೊದಲ ಹೆಜ್ಜೆ: ನೀವು ಕೊಳ್ಳಬಹುದಾ?

ಬೆಲೆ ನೋಡುವ ಮುಂಚೆ ವೀಸಾ ನೋಡಿ. ನಮ್ಮವರು ಎಡವುವುದು ಇಲ್ಲೇ.

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಇಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೊಳ್ಳುವುದು ಮಾತ್ರ ಅಲ್ಲ, ಕೈಯಲ್ಲಿ ಹಿಡಿಯುವುದೂ ಅದರಲ್ಲಿ ಬರುತ್ತದೆ. ರೇಂಜಿನಲ್ಲಿ (ಗುರಿ ಹೊಡೆಯುವ ಅಭ್ಯಾಸದ ಜಾಗ) ಬಾಡಿಗೆಗೆ ತಗೊಂಡು ಹೊಡೆಯುವುದೂ ಬರುತ್ತದೆ. "ಲಾಸ್ ವೇಗಸ್‌ಗೆ ಹೋದಾಗ ಎಲ್ಲರೂ ಹೊಡೆದ್ವಿ, ಯಾರೂ ಏನೂ ಕೇಳಲಿಲ್ಲ" ಅಂತ ಹೇಳುವವರು ನನಗೂ ಗೊತ್ತು. ಯಾರೂ ಕೇಳಲಿಲ್ಲ ಅಂದ ಮಾತ್ರಕ್ಕೆ ಸರಿ ಅಂತ ಆಗುವುದಿಲ್ಲ, ಅಲ್ವಾ?

ಇದಕ್ಕೆ ಕೆಲವು ವಿನಾಯಿತಿ ಇವೆ. ಸಾಮಾನ್ಯವಾಗಿ ಬಳಕೆಗೆ ಬರುವುದು ಒಂದೇ: ಯಾವುದಾದರೂ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದು ಇದ್ದರೆ ಎಚ್-1ಬಿಯವರಿಗೂ ಬಾಗಿಲು ತೆರೆಯುತ್ತದೆ. ಆದರೆ ಅದರ ಅವಧಿ ಮುಗಿದ ದಿನ ಮನೆಯಲ್ಲಿರುವ ರೈಫಲ್ ಅಪರಾಧವಾಗುತ್ತದೆ. ಆ ತಾರೀಖು ಮರೆತು ಇಡೀ ವೀಸಾವನ್ನೇ ಪಣಕ್ಕಿಡುವುದು ನನ್ನ ಲೆಕ್ಕದಲ್ಲಿ ಜಾಣತನ ಅಲ್ಲ. ಈ ದಾರಿ ಹಿಡಿಯಲೇಬೇಕು ಅಂದರೆ ಮೊದಲು ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ನನ್ನನ್ನು ಕೇಳಿದರೆ, ಗ್ರೀನ್ ಕಾರ್ಡ್ ಬರುವ ತನಕ ಕಾಯಿರಿ ಅಂತಲೇ ಹೇಳುತ್ತೇನೆ.

ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಆದರೆ ನೀವಿನ್ನೂ ಪ್ರಜೆ ಅಲ್ಲ ಅನ್ನುವುದು ನೆನಪಿರಲಿ. ಬಂದೂಕಿಗೆ ಸಂಬಂಧಪಟ್ಟ ಅಪರಾಧದಲ್ಲಿ ಶಿಕ್ಷೆ ಆದರೆ ಗಡೀಪಾರು ಮಾಡುವ ಅವಕಾಶ ಕಾನೂನಿನಲ್ಲೇ ಇದೆ.

ಇನ್ನೊಂದು ವಿಷಯ. "ನಿನಗೆ ಗ್ರೀನ್ ಕಾರ್ಡ್ ಇದೆಯಲ್ಲ, ನನಗೊಂದು ನಿನ್ನ ಹೆಸರಲ್ಲಿ ತಂದುಕೊಡು, ದುಡ್ಡು ಕೊಡ್ತೀನಿ" ಅಂತ ಎಚ್-1ಬಿ ಗೆಳೆಯ ಕೇಳಿದರೆ ಮುಲಾಜಿಲ್ಲದೆ ಆಗಲ್ಲ ಅನ್ನಿ. ಇಟ್ಟುಕೊಳ್ಳುವ ಹಕ್ಕಿಲ್ಲದವರ ಪರವಾಗಿ, ಗೊತ್ತಿದ್ದೂ ಕೊಂಡರೆ 15 ವರ್ಷದ ತನಕ ಜೈಲು ಆಗುವ ಕಾನೂನು 2022ರಲ್ಲಿ ಬಂದಿದೆ.

ಎರಡನೇ ಹೆಜ್ಜೆ: ಯಾವ ರಾಜ್ಯ?

ಫೆಡರಲ್ ಕಾನೂನಿನಲ್ಲಿ ಅಂಗಡಿಯಿಂದ ರೈಫಲ್ ಕೊಳ್ಳಲು 18 ತುಂಬಿರಬೇಕು. ಅದರ ಮೇಲೆ ಒಂದೊಂದು ರಾಜ್ಯದ್ದು ಒಂದೊಂದು ರಾಗ. ಟೆಕ್ಸಸ್‌ನಲ್ಲಿ ಕೊಳ್ಳಲು ಪರ್ಮಿಟ್ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ ಬರೆದು ಸುರಕ್ಷತಾ ಪ್ರಮಾಣಪತ್ರ ತಗೊಳ್ಳಬೇಕು, 10 ದಿನ ಕಾಯಬೇಕು. 2024ರ ಜುಲೈನಿಂದ ಅಲ್ಲಿ ಹೆಚ್ಚುವರಿ 11 ಶೇಕಡಾ ತೆರಿಗೆಯೂ ಇದೆ. ಇಲಿನಾಯ್‌ನಲ್ಲಿ ಮೊದಲು ಪೊಲೀಸ್ ಇಲಾಖೆಯ ಗುರುತಿನ ಚೀಟಿ ಬೇಕು. ನ್ಯೂಜೆರ್ಸಿಯಲ್ಲೂ ಹಾಗೇ ಒಂದು ಕಾರ್ಡು. ನ್ಯೂಯಾರ್ಕ್‌ನಲ್ಲಿ 2022ರಿಂದ ಸೆಮಿ ಆಟೋ ರೈಫಲ್‌ಗೇ ಪ್ರತ್ಯೇಕ ಲೈಸೆನ್ಸು, ವಯಸ್ಸು 21. ವಾಷಿಂಗ್ಟನ್ ರಾಜ್ಯದಲ್ಲಿ 21 ತುಂಬಿರಬೇಕು, ತರಬೇತಿ ಆಗಿರಬೇಕು, ಕಾಯುವ ದಿನಗಳೂ ಇವೆ.

ಇದು ಯಾಕೆ ಮುಖ್ಯ ಅಂದರೆ ನಮ್ಮವರು ಒಂದೂರಲ್ಲಿ ನಿಲ್ಲುವವರಲ್ಲ. ಇವತ್ತು ಡಲ್ಲಾಸ್, ಎರಡು ವರ್ಷಕ್ಕೆ ಸಿಯಾಟಲ್, ಆಮೇಲೆ ಬೇ ಏರಿಯಾ. ಟೆಕ್ಸಸ್‌ನಲ್ಲಿ ಕಣ್ಣುಮುಚ್ಚಿ ಕೊಂಡ ರೈಫಲ್ ಅಲ್ಲಿಗೆ ಒಯ್ಯುವ ಹಾಗೇ ಇಲ್ಲದಿರಬಹುದು. 10ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜಿನ್ ಕ್ಯಾಲಿಫೋರ್ನಿಯಾಗೆ ತರುವ ಹಾಗಿಲ್ಲ. ಕೆಲಸ ಬದಲಾಯಿಸುವ ಸಾಧ್ಯತೆ ಇದ್ದರೆ ಎಲ್ಲ ಕಡೆ ಸಲ್ಲುವಂಥದ್ದನ್ನೇ ಮೊದಲು ಕೊಳ್ಳಿ.

ಮೂರನೇ ಹೆಜ್ಜೆ: ಯಾವ ಕ್ಯಾಲಿಬರ್ (ಗುಂಡಿನ ಅಳತೆ)?

ಸೆಮಿ ಆಟೋ ಅಂದರೆ ಏನು ಅಂತ ಒಂದು ಮಾತು. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಈಡು. ಆ ಈಡಿನ ಬಲದಿಂದಲೇ ಖಾಲಿ ಕವಚ ಹೊರಗೆ ಹಾರುತ್ತದೆ, ಮುಂದಿನ ತೋಟೆ ತಾನಾಗಿ ಒಳಗೆ ಕೂರುತ್ತದೆ. (ಕಾರ್ಟ್ರಿಜ್‌ಗೆ ನಮ್ಮ ಕಡೆ ತೋಟೆ ಅಂತಾರೆ. ನಾನು ಹಾಗೇ ಬರೆಯುತ್ತೇನೆ.) ಮತ್ತೊಂದು ಈಡಿಗೆ ಬೆರಳು ಬಿಟ್ಟು ಮತ್ತೆ ಎಳೆಯಬೇಕು. ಒತ್ತಿ ಹಿಡಿದರೆ ದಡದಡ ಹಾರುವುದು ಮೆಷಿನ್ ಗನ್. ಅದರ ಕಾನೂನೇ ಬೇರೆ, 1934ರಿಂದ ಇದೆ.

ಈಗ ನನ್ನ ಖಚಿತ ಅಭಿಪ್ರಾಯ. ಬಜೆಟ್ ಕಮ್ಮಿ ಇದ್ದರೆ ಮೊದಲ ರೈಫಲ್ .22 ಲಾಂಗ್ ರೈಫಲ್ ತೋಟೆಯದ್ದೇ ಆಗಿರಬೇಕು. ಬೇರೆ ಮಾತೇ ಇಲ್ಲ.

ಅಂಗಡಿಯವನು ಹಾಗೆ ಹೇಳುವುದಿಲ್ಲ. "ಎಆರ್-15 ರೈಫಲ್ 500 ಡಾಲರ್‌ಗೇ ಸಿಗುತ್ತಲ್ಲ ಸಾರ್, ಅದನ್ನೇ ತಗೊಳ್ಳಿ" ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಎಆರ್-15 ಅಗ್ಗವಾಗಿ ಸಿಗುವುದಕ್ಕೆ ಕಾರಣವೂ ಇದೆ. ಆರ್ಮಲೈಟ್ ಕಂಪನಿ (ಎಆರ್ ಅನ್ನುವುದು ಆ ಹೆಸರಿನಿಂದ ಬಂದದ್ದು) ತನ್ನ ವಿನ್ಯಾಸವನ್ನು 1959ರಲ್ಲಿ ಕೋಲ್ಟ್‌ಗೆ ಮಾರಿತು. ಕೋಲ್ಟ್‌ನ ಪೇಟೆಂಟ್ 1977ರಲ್ಲಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಮಾಡಬಹುದು ಅಂತಾಯಿತು. ಹತ್ತಾರು ಕಂಪನಿ, ಒಂದೇ ಅಳತೆಯ ಬಿಡಿಭಾಗ, ಪೈಪೋಟಿ, ಅದಕ್ಕೇ ಬೆಲೆ ಇಳಿಯಿತು.

ಆದರೆ ಗುಂಡಿನ ಲೆಕ್ಕ ಹಾಕಿ. .22 ತೋಟೆ ದೊಡ್ಡ ಡಬ್ಬಿಯಲ್ಲಿ ಕೊಂಡರೆ ಒಂದಕ್ಕೆ ಸುಮಾರು 7–8 ಸೆಂಟ್. ಎಆರ್‌ಗೆ ಹಾಕುವ 5.56 ತೋಟೆ ಒಂದಕ್ಕೆ ಸುಮಾರು 45–50 ಸೆಂಟ್. ಸಾವಿರ ಈಡು ಹೊಡೆಯಲು ಒಂದಕ್ಕೆ 80 ಡಾಲರ್ ಆಸುಪಾಸು, ಇನ್ನೊಂದಕ್ಕೆ 450ರ ಮೇಲೆ. ಸಾವಿರ ಅಂದರೆ ಜಾಸ್ತಿ ಅನ್ನಿಸಬಹುದು. ಅದು ಐದಾರು ಶನಿವಾರದ ಮಾತು, ಅಷ್ಟೇ. ಕಲಿಯುವವನಿಗೆ ಬೇಕಾದದ್ದು ದೊಡ್ಡ ರೈಫಲ್ ಅಲ್ಲ, ಲೆಕ್ಕ ನೋಡದೆ ಹೊಡೆಯುವಷ್ಟು ಗುಂಡು. ನಾನು ಮಾಡಿದ ಮೊದಲ ತಪ್ಪು ಇದೇ. 5.56 ರೈಫಲ್ ಕೊಂಡು, ಗುಂಡಿನ ಬೆಲೆಗೆ ಹೆದರಿ, ತಿಂಗಳಿಗೆ 20 ಈಡು ಹೊಡೆಯುತ್ತಾ ಒಂದು ವರ್ಷ ಕಳೆದೆ. ಏನೂ ಕಲಿಯಲಿಲ್ಲ.

.22ರಲ್ಲಿ ಹಿಂದೊದೆತ ಇಲ್ಲವೇ ಇಲ್ಲ ಅನ್ನಬಹುದು. ಸದ್ದೂ ಕಮ್ಮಿ. ದೊಡ್ಡ ರೈಫಲ್‌ನಲ್ಲಿ ಹೊಸಬರು ಸದ್ದಿಗೆ ಮೊದಲೇ ಬೆಚ್ಚಿ, ಟ್ರಿಗರ್ ಎಳೆಯುವಾಗಲೇ ಭುಜ ಬಿಗಿ ಮಾಡುತ್ತಾರೆ. ಒಮ್ಮೆ ಅಂಟಿದ ಆ ಚಾಳಿ ಬಿಡಿಸುವುದು ಬಲು ಕಷ್ಟ.

ಚಿಕ್ಕದು ಅಂತ ಆಟಿಕೆ ಅಂದುಕೊಳ್ಳಬೇಡಿ. .22 ಗುಂಡು ಒಂದೂವರೆ ಮೈಲಿ ದೂರದ ತನಕ ಅಪಾಯ ಅಂತ ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತಾರೆ.

ನಾಲ್ಕನೇ ಹೆಜ್ಜೆ: ದುಡ್ಡು ಹಂಚಿಕೊಳ್ಳಿ

ಕೈಯಲ್ಲಿ 600 ಡಾಲರ್ ಇದೆ ಅಂದುಕೊಳ್ಳಿ. 600 ಡಾಲರ್‌ನ ರೈಫಲ್ ಹುಡುಕಬೇಡಿ. 300ರ ರೈಫಲ್ ಹುಡುಕಿ. ಟೆಕ್ಸಸ್‌ನಲ್ಲಿ ಮಾರಾಟ ತೆರಿಗೆ 8.25 ಶೇಕಡಾ, ಅಂದರೆ 25 ಡಾಲರ್. ಎರಡು ಹೆಚ್ಚುವರಿ ಮ್ಯಾಗಜಿನ್‌ಗೆ 40. ಕಿವಿ ಮುಚ್ಚುವ ಮಫ್ ಮತ್ತು ಕಣ್ಣಿಗೆ ಕನ್ನಡಕ ಸೇರಿ 40. ಬೀಗ ಹಾಕುವ ಸಾದಾ ಉಕ್ಕಿನ ಕಪಾಟಿಗೆ 110. ಸಾವಿರ ತೋಟೆಗೆ 80. ಅಲ್ಲಿಗೆ 595 ಆಯಿತು. ಉಳಿದ ಐದು ಡಾಲರ್‌ಗೆ ಕಾಫಿ ಕುಡಿಯಿರಿ, ಅದೂ ಸಾಲದು ಈಗ.

ಆನ್‌ಲೈನ್‌ನಲ್ಲಿ ಅಗ್ಗ ಕಂಡರೆ ಇನ್ನೊಂದು ಖರ್ಚು ಸೇರಿಸಿ. ರೈಫಲ್ ನೇರ ಮನೆಗೆ ಬರುವುದಿಲ್ಲ. ನಿಮ್ಮೂರಿನ ಲೈಸೆನ್ಸ್ ಇರುವ ಡೀಲರ್ ಹತ್ತಿರ ಬರುತ್ತದೆ. ಅಲ್ಲಿ ಫಾರ್ಮ್ ತುಂಬಿ ತರಬೇಕು. ಅದಕ್ಕೆ ಅವರು 20ರಿಂದ 50 ಡಾಲರ್ ತಗೊಳ್ಳುತ್ತಾರೆ. 30 ಡಾಲರ್ ಉಳಿಸಲು ಹೋಗಿ 40 ಕೊಟ್ಟವರನ್ನು ನೋಡಿದ್ದೇನೆ.

ರೈಫಲ್ ಮೇಲೆ ಕೂರಿಸುವ ದುರ್ಬೀನಿಗೆ ಈ ಲೆಕ್ಕದಲ್ಲಿ ಜಾಗ ಇಟ್ಟಿಲ್ಲ. ಬೇಕಂತಲೇ ಇಟ್ಟಿಲ್ಲ. ಮೊದಲ ಐನೂರು ಈಡು ರೈಫಲ್ ಮೇಲೇ ಇರುವ, ಗುರಿ ನೋಡುವ ಕಬ್ಬಿಣದ ಮೊನೆಗಳನ್ನು ಬಳಸಿಯೇ ಹೊಡೆಯಿರಿ.

ಐದನೇ ಹೆಜ್ಜೆ: ಯಾವ ರೈಫಲ್?

.22ರಲ್ಲಿ ಸೆಮಿ ಆಟೋ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ರೂಗರ್ 10/22. 1964ರಿಂದ ಮಾಡುತ್ತಿದ್ದಾರೆ. ಸಾದಾ ಮಾದರಿ 300 ಡಾಲರ್ ಆಸುಪಾಸು. ತೂಕ ಐದು ಪೌಂಡ್, ನಳಿಗೆ ಹದಿನೆಂಟೂವರೆ ಇಂಚು. ಹತ್ತು ಗುಂಡಿನ ಮ್ಯಾಗಜಿನ್ ಹೊಟ್ಟೆಯೊಳಗೇ ಅಡಗಿ ಕೂರುತ್ತದೆ, ಕೆಳಗೆ ಚಾಚಿಕೊಳ್ಳುವುದಿಲ್ಲ. ಅದರೊಳಗೆ ಒಂದು ಗಾಲಿ ಇದೆ. ಪ್ರತಿ ತೋಟೆಗೂ ಗಾಲಿಯಲ್ಲಿ ಒಂದೊಂದು ಮನೆ. .22 ತೋಟೆಯ ಬುಡಕ್ಕೆ ಒಂದು ಅಂಚು ಇರುತ್ತದಲ್ಲ, ಸಾಮಾನ್ಯ ಮ್ಯಾಗಜಿನ್‌ನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿ ತೊಡಕಾಗುತ್ತದೆ. ಗಾಲಿಯಲ್ಲಿ ಆ ತಾಪತ್ರಯ ಕಮ್ಮಿ.

ನಾನು ಇದನ್ನೇ ಹೇಳುವುದಕ್ಕೆ ಬೇರೆ ಕಾರಣವೂ ಇದೆ. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಮಾರಲು ಹೋದರೆ ಬೆಲೆ ಬೀಳುವುದಿಲ್ಲ. ಮರದ ಹಿಡಿಯ, ಹತ್ತು ಗುಂಡಿನ ಸಾದಾ ಮಾದರಿಯನ್ನು, ಆಯಾ ರಾಜ್ಯದ ಕಾಗದಪತ್ರ ಸರಿ ಇದ್ದರೆ, ಬಹುತೇಕ ಎಲ್ಲ ಕಡೆ ಇಟ್ಟುಕೊಳ್ಳಬಹುದು. ಸಿಯಾಟಲ್‌ನ ಆಫರ್ ಬಂದಾಗ ರೈಫಲ್‌ಗೆ ಗಿರಾಕಿ ಹುಡುಕಬೇಕಾಗಿಲ್ಲ.

ಆದರೆ ಒಂದು ಗುಣ ಹೊಸಬರನ್ನು ಏಮಾರಿಸುತ್ತದೆ. ಕೊನೆಯ ಗುಂಡು ಹೋದ ಮೇಲೆ ಇದರ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಉಕ್ಕಿನ ತುಂಡು) ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ನೀವು ಟ್ರಿಗರ್ ಎಳೆಯುತ್ತೀರಿ, ಟಕ್ ಅನ್ನುತ್ತದೆ. ಮ್ಯಾಗಜಿನ್ ಖಾಲಿಯೋ, ತೋಟೆ ಹೊತ್ತಿಕೊಳ್ಳಲಿಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಟಕ್ ಅಂದರೆ ಖಾಲಿ ಅಂತ ತಿಳಿಯಬೇಡಿ. ಕೆಲವೊಮ್ಮೆ ತೋಟೆ ತಡವಾಗಿ ಹೊತ್ತಿಕೊಳ್ಳುತ್ತದೆ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಒಳಗೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಬೋಲ್ಟನ್ನು ತೆರೆದೇ ನಿಲ್ಲಿಸಲು ಟ್ರಿಗರ್ ಗಾರ್ಡ್‌ನ ಮುಂದೆ ಒಂದು ಚಿಕ್ಕ ಲಿವರ್ ಇದೆ. ಅದನ್ನು ಒತ್ತುವುದನ್ನು ಅಂಗಡಿಯಲ್ಲೇ ಕಲಿತುಕೊಳ್ಳಿ. ಮೊದಮೊದಲು ಮೂರನೇ ಕೈ ಬೇಕು ಅನ್ನಿಸುತ್ತದೆ.

300 ಕೂಡ ಜಾಸ್ತಿ ಅನ್ನಿಸಿದರೆ ಸ್ಯಾವೇಜ್ 64, ಮಾಸ್‌ಬರ್ಗ್ 702 ಇವೆ. 200ರ ಆಸುಪಾಸಿನಲ್ಲಿ ಸಿಗುತ್ತವೆ. ಗುರಿ ಚೆನ್ನಾಗಿಯೇ ಹೊಡೆಯುತ್ತವೆ. ಬಿಡಿಭಾಗದ ಸಮೃದ್ಧಿ 10/22ರಷ್ಟಿಲ್ಲ.

ಹಳೆಯದರಲ್ಲಿ ಮಾರ್ಲಿನ್ ಮಾಡೆಲ್ 60 ನನಗೆ ಇಷ್ಟ. 1960ರಿಂದ ದಶಕಗಟ್ಟಲೆ ಮಾಡಿದರು. ಅದನ್ನು ಮಾಡುತ್ತಿದ್ದ ರೆಮಿಂಗ್ಟನ್ 2020ರಲ್ಲಿ ದಿವಾಳಿಯಾದಾಗ ಮಾರ್ಲಿನ್ ಹೆಸರನ್ನು ರೂಗರ್ ಕೊಂಡಿತು. ಇವತ್ತಿಗೂ ಗಿರವಿ ಅಂಗಡಿಗಳಲ್ಲಿ ಮಾಡೆಲ್ 60 ಸಿಗುತ್ತದೆ. ನಳಿಗೆಯ ಕೆಳಗೆ ಒಂದು ಕೊಳವೆ, ತೋಟೆಗಳನ್ನು ಒಂದೊಂದಾಗಿ ಅದರೊಳಗೆ ಬಿಡಬೇಕು. ನಿಧಾನ. ನಿಧಾನ ಆಗಿರುವುದರಿಂದ ಗುಂಡೂ ಉಳಿಯುತ್ತದೆ ಅನ್ನುವುದು ಬೇರೆ ಮಾತು. ಆದರೆ ಅದು ಪೂರ್ತಿ ಖಾಲಿ ಆಯಿತಾ ಅಂತ ನೋಡುವುದು ಮ್ಯಾಗಜಿನ್ ಕಿತ್ತು ತೆಗೆದಷ್ಟು ಸುಲಭ ಅಲ್ಲ. ಹಾಗಾಗಿ ಮೊದಲ ರೈಫಲ್ ಅಂತ ಕಣ್ಣುಮುಚ್ಚಿ ಹೇಳಲಾರೆ.

ಎಆರ್ ಥರದ ಆಕಾರವೇ ಬೇಕು ಅಂದರೆ ಸ್ಮಿತ್ ಆಂಡ್ ವೆಸನ್‌ನ ಎಂ ಆಂಡ್ ಪಿ 15-22 ಇದೆ. 400ರ ಮೇಲಾಗುತ್ತದೆ. ಒತ್ತುವ ಬಟನ್‌ಗಳೆಲ್ಲ ಎಆರ್‌ನಲ್ಲಿ ಇದ್ದ ಜಾಗದಲ್ಲೇ ಇವೆ, ತೋಟೆ ಮಾತ್ರ .22. ಮುಂದೆ ಎಆರ್ ಕೊಳ್ಳುವ ಯೋಚನೆ ಇದ್ದವರಿಗೆ ಒಳ್ಳೆಯ ಪಾಠಶಾಲೆ. ಆದರೆ ಕೆಲವು ರಾಜ್ಯಗಳಲ್ಲಿ ಈ ಆಕಾರಕ್ಕೇ ತಕರಾರು ಇದೆ, ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ 5.56 ಎಆರ್‌ನೇ ಕೊಳ್ಳುತ್ತೀನಿ ಅನ್ನುವವರು ಇರುತ್ತಾರೆ. ಅವರಿಗೆ ಎರಡೇ ಮಾತು. ನಳಿಗೆಯ ಮೇಲೆ 5.56 ಅಂತ ಕೆತ್ತಿರುವುದನ್ನೇ ಕೊಳ್ಳಿ. ಅದರಲ್ಲಿ .223 ಅನ್ನುವ, ಅದೇ ಗಾತ್ರದ ತೋಟೆಯನ್ನೂ ಹೊಡೆಯಬಹುದು. .223 ಅಂತ ಮಾತ್ರ ಇದ್ದರೆ ಅದಕ್ಕೆ 5.56 ಹಾಕುವ ಹಾಗಿಲ್ಲ, ಒತ್ತಡ ಮೀರುತ್ತದೆ. ಮತ್ತೆ, 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್‌ಗೆ ಫೆಡರಲ್ ನೋಂದಣಿ ಬೇಕು. ಭಾಗ ಭಾಗ ತಂದು ಮನೆಯಲ್ಲಿ ಜೋಡಿಸುವವರು ಇದನ್ನು ಮರೆಯುತ್ತಾರೆ.

ಎಸ್‌ಕೆಎಸ್, ಎಕೆ ಅಂತ ಹಳೇ ಸೈನ್ಯದ ಅಗ್ಗದ ರೈಫಲ್ ಕಥೆಗಳನ್ನು ಕೇಳಿರುತ್ತೀರಿ. ಅದು 1990ರ ದಶಕದ ಮಾತು. ಈಗ ರೈಫಲ್ಲೂ ಅಗ್ಗ ಇಲ್ಲ. ರಷ್ಯಾದ ಗುಂಡಿನ ಆಮದಿಗೆ 2021ರಲ್ಲಿ ತಡೆ ಬಿದ್ದ ಮೇಲೆ ಗುಂಡೂ ಅಗ್ಗ ಇಲ್ಲ.

ಆರನೇ ಹೆಜ್ಜೆ: ಅಂಗಡಿಯಲ್ಲಿ ಕೈಗೆ ತಗೊಳ್ಳುವುದು

ಕೌಂಟರಿನವನು ರೈಫಲ್ ಕೊಡುವಾಗ ಬೋಲ್ಟ್ ತೆರೆದು ತೋರಿಸಿ ಕೊಡುತ್ತಾನೆ. ತೋರಿಸದಿದ್ದರೆ ತೋರಿಸಲು ಹೇಳಿ. ನಿಮ್ಮ ಕೈಗೆ ಬಂದ ಮೇಲೆ ನೀವೂ ಮತ್ತೊಮ್ಮೆ ನೋಡಿ. ಇದರಿಂದ ಯಾರಿಗೂ ಬೇಜಾರಾಗುವುದಿಲ್ಲ, ನೋಡದಿದ್ದರೇ ಮುಖ ಸಿಂಡರಿಸುತ್ತಾರೆ. ಮೂತಿ ಯಾರ ಕಡೆಗೂ ತಿರುಗಬಾರದು. ಟ್ರಿಗರ್ ಎಳೆದು ನೋಡುವ ಮುಂಚೆ "ಎಳೆಯಲಾ?" ಅಂತ ಕೇಳಿ.

ಭುಜಕ್ಕೆ ಆನಿಸಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಹಿಡಿಯ (ಭುಜಕ್ಕೆ ಆನುವ ಹಿಂಭಾಗ) ಮೇಲೆ ಇಳಿಸಿ, ಕಣ್ಣು ತೆರೆಯಿರಿ. ಗುರಿ ನೋಡುವ ಮೊನೆಗಳು ಎದುರಿಗೇ ಕಂಡರೆ ಅಳತೆ ಸರಿ ಇದೆ. ಕತ್ತು ಚಾಚಬೇಕಾಗಿ ಬಂದರೆ ಹಿಡಿ ಉದ್ದ ಆಯಿತು. ಹೆಂಡತಿಯೋ ಗಂಡನೋ ಇಬ್ಬರೂ ಹೊಡೆಯುವುದಾದರೆ ಇಬ್ಬರೂ ಹೋಗಿ. ನನ್ನ ಎರಡನೇ ತಪ್ಪು ಇದು. ನನ್ನವಳು ಐದಡಿ ಒಂದಿಂಚು. ನನ್ನ ಅಳತೆಗೆ ತಂದ ರೈಫಲ್ ಅವಳ ಭುಜದಲ್ಲಿ ನಿಲ್ಲಲೇ ಇಲ್ಲ. "ನಿಮಗೆ ಅಂಗಿ ತರೋವಾಗ ನಾನು ಅಳತೆ ಕೇಳಲ್ವಾ?" ಅಂದಳು. ಅದಕ್ಕೆ ಉತ್ತರ ಇರಲಿಲ್ಲ.

ಹಳೆಯದನ್ನು ಕೊಳ್ಳುವುದಾದರೆ ನಳಿಗೆಯ ತುದಿ ನೋಡಿ. ಗುಂಡು ಹೊರಬರುವ ಬಾಯಿಯ ಅಂಚಿನಲ್ಲಿ ಚೂರು ಏಟು ಬಿದ್ದಿದ್ದರೂ ಗುರಿ ತಪ್ಪುತ್ತದೆ. 10/22ರ ನಳಿಗೆಗೆ ಸ್ವಚ್ಛ ಮಾಡುವ ಕಡ್ಡಿಯನ್ನು ಹಿಂದಿನಿಂದ ಹಾಕಲಾಗುವುದಿಲ್ಲ, ಮುಂದಿನಿಂದಲೇ ಹಾಕಿ ತಿಕ್ಕುತ್ತಾರೆ. ಒರಟಾಗಿ ತಿಕ್ಕಿದವರ ರೈಫಲ್‌ನಲ್ಲಿ ಅಂಚು ಸವೆದಿರುತ್ತದೆ. (ನೀವು ಹಗ್ಗದ ಥರದ ಬೋರ್ ಸ್ನೇಕ್ ಬಳಸಿ, ಆ ತೊಂದರೆ ಇಲ್ಲ.) ಸ್ಕ್ರೂಗಳ ತಲೆ ಕೆತ್ತಿಹೋಗಿದೆಯಾ ನೋಡಿ. ಕೆತ್ತಿದ್ದರೆ ಮನೆಯಲ್ಲಿ ಯಾರೋ ಬಿಚ್ಚಿ ಪ್ರಯೋಗ ಮಾಡಿದ್ದಾರೆ ಅಂತ ಅರ್ಥ. ಸೀರಿಯಲ್ ನಂಬರ್ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಟೆಕ್ಸಸ್‌ನಂಥ ಕಡೆ ಖಾಸಗಿಯಾಗಿ ಕೈಯಿಂದ ಕೈಗೆ ಮಾರುವುದಕ್ಕೆ ಅವಕಾಶ ಇದೆ. ಆದರೂ ಇಬ್ಬರೂ ಡೀಲರ್ ಹತ್ತಿರ ಹೋಗಿ, ಫೀಸು ಕೊಟ್ಟು, ಕಾಗದದ ಮೂಲಕವೇ ಮಾಡಿ. ಗ್ರೀನ್ ಕಾರ್ಡಿನವರಿಗೆ ಆ 30 ಡಾಲರ್ ಒಂದು ವಿಮೆ ಇದ್ದ ಹಾಗೆ.

ಏಳನೇ ಹೆಜ್ಜೆ: ಫಾರ್ಮ್ 4473

ಅಂಗಡಿಯಲ್ಲಿ ತುಂಬಬೇಕಾದ ಫಾರ್ಮಿನ ಹೆಸರು ಇದು. ಗ್ರೀನ್ ಕಾರ್ಡ್ ಮತ್ತು ಡ್ರೈವಿಂಗ್ ಲೈಸೆನ್ಸ್ ಎರಡೂ ಒಯ್ಯಿರಿ. ಲೈಸೆನ್ಸಿನಲ್ಲಿ ಈಗಿನ ಮನೆಯ ವಿಳಾಸ ಇರಬೇಕು, ಇಲ್ಲದಿದ್ದರೆ ಆ ವಿಳಾಸ ಇರುವ ಇನ್ನೊಂದು ಸರ್ಕಾರಿ ಕಾಗದ ಬೇಕು. ಅಪಾರ್ಟ್‌ಮೆಂಟ್ ಬದಲಾಯಿಸಿ, ಲೈಸೆನ್ಸೂ ಬದಲಾಯಿಸದೇ, ಅಂಥ ಕಾಗದವೂ ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್.

ನಮ್ಮ ಹೆಸರಿನ ಗೋಳು ನಿಮಗೆ ಗೊತ್ತಲ್ಲ. ಊರ ಹೆಸರು, ಅಪ್ಪನ ಹೆಸರು, ಇನಿಶಿಯಲ್ಲು, ಪಾಸ್‌ಪೋರ್ಟಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ. ಇಲ್ಲಿ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ, ಇನಿಶಿಯಲ್ ಬಿಡಿಸಿ ಪೂರ್ತಿ ಬರೆಯಿರಿ. ವಿಳಾಸದಲ್ಲಿ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಅಂತ ಒಂದು ಮನೆ ಇದೆ. ನಾನು ಕಂಟ್ರಿ ಅಂತ ಓದಿಕೊಂಡು ಯುಎಸ್‌ಎ ಅಂತ ಬರೆದಿದ್ದೆ. ಕೌಂಟರಿನ ಅಜ್ಜ ನಕ್ಕು, "ದಿನಕ್ಕೊಬ್ಬರು ಹೀಗೆ ಬರೀತಾರೆ" ಅಂದ. ಹಿಸ್ಪಾನಿಕ್ ಹೌದೋ ಅಲ್ಲವೋ ಅನ್ನುವುದು ಒಂದು ಪ್ರಶ್ನೆ, ಜನಾಂಗ ಯಾವುದು ಅನ್ನುವುದು ಇನ್ನೊಂದು. ಎರಡಕ್ಕೂ ಗುರುತು ಹಾಕಬೇಕು.

ಗಾಂಜಾ ಬಗ್ಗೆಯೂ ಒಂದು ಪ್ರಶ್ನೆ ಇದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧ ಆಗಿದ್ದರೂ ಫೆಡರಲ್ ಲೆಕ್ಕದಲ್ಲಿ ಅಲ್ಲ ಅಂತ ಫಾರ್ಮಿನಲ್ಲೇ ಬರೆದಿದೆ. ಸುಳ್ಳು ಬರೆದರೆ ಅದೇ ಒಂದು ಅಪರಾಧ.

ಆಮೇಲೆ ಡೀಲರ್ ನಿಮ್ಮ ಹಿನ್ನೆಲೆ ತಪಾಸಣೆಗೆ ಕಳಿಸುತ್ತಾನೆ. 1998ರಿಂದ ಇರುವ ಎಫ್‌ಬಿಐ ವ್ಯವಸ್ಥೆ ಅದು. ಮೂರು ಉತ್ತರ ಬರಬಹುದು: ಕೊಡಿ, ತಡೀರಿ, ಬೇಡ. ನನಗೆ "ತಡೀರಿ" ಬಂತು. ಎದೆ ಧಸಕ್ ಅಂದಿತು. ಎರಡು ದಿನಕ್ಕೆ ಸರಿ ಹೋಯಿತು. ಹಾಗೆ ಬಂದರೆ ಹೆದರಬೇಡಿ. 21ರ ಒಳಗಿನವರಿಗೆ 2022ರಿಂದ ಇನ್ನಷ್ಟು ತಪಾಸಣೆ ಸೇರಿದೆ, 10 ಕೆಲಸದ ದಿನದ ತನಕ ಹಿಡಿಯಬಹುದು.

ಎಂಟನೇ ಹೆಜ್ಜೆ: ಮನೆಗೆ ತಂದ ಮೇಲೆ

ರೈಫಲ್ ಬರುವ ಮುಂಚೆ ಕಪಾಟು ಬಂದಿರಬೇಕು. ಮಂಚದ ಕೆಳಗೆ, ಬಟ್ಟೆಯ ಹಿಂದೆ ಅನ್ನುವುದು ಬಚ್ಚಿಡುವುದೇ ಹೊರತು ಭದ್ರ ಮಾಡುವುದಲ್ಲ. ಮಕ್ಕಳಿಗೆ ಸಿಗದ ಜಾಗ ಅಂತ ಮನೆಯಲ್ಲಿ ಯಾವುದೂ ಇಲ್ಲ, ಚಕ್ಕುಲಿ ಡಬ್ಬಿ ಬಚ್ಚಿಟ್ಟವರಿಗೆಲ್ಲ ಇದು ಗೊತ್ತು. ಟೆಕ್ಸಸ್‌ನಲ್ಲಿ 17ರ ಒಳಗಿನ ಮಗುವಿನ ಕೈಗೆ ಸಿಗುವ ಹಾಗೆ ತುಂಬಿದ ಬಂದೂಕು ಬಿಟ್ಟರೆ ಅದು ಅಪರಾಧ. ರೈಫಲ್ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇಡಿ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅನ್ನುವ ಕಾರ್ಯಕ್ರಮದಲ್ಲಿ ಹಲವು ಊರಿನ ಪೊಲೀಸ್ ಇಲಾಖೆಗಳು ತಂತಿಯ ಬೀಗವನ್ನು ಪುಕ್ಕಟೆ ಕೊಡುತ್ತವೆ. ಬೋಲ್ಟ್ ತೆರೆದು ಅದರೊಳಗಿಂದ ತಂತಿ ಪೋಣಿಸಿದರೆ ರೈಫಲ್ ಕೆಲಸ ಮಾಡುವುದಿಲ್ಲ.

ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಕೀಲಿ ಅವರ ಕೈಗೆ ಕೊಡಬೇಡಿ. ಅವರು ಬಿ-2 ವೀಸಾದಲ್ಲಿ ಬಂದವರು. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿ ಇಲ್ಲದ ದಿನಗಳು ನಡೆಯುತ್ತಿದ್ದರೆ ರೈಫಲ್ ಕೊಳ್ಳುವುದನ್ನೇ ಮುಂದಕ್ಕೆ ಹಾಕಿ. ಈಗಾಗಲೇ ಇದ್ದರೆ, ಇಟ್ಟುಕೊಳ್ಳಲು ಒಪ್ಪುವ ಡೀಲರ್ ಹತ್ತಿರ ಬಿಟ್ಟು ಬನ್ನಿ.

ಒಂಬತ್ತನೇ ಹೆಜ್ಜೆ: ಮೊದಲ ಶನಿವಾರ

"ಕೋವಿ ಖಾಲಿ ಅಂತ ದೇವರೇ ಬಂದು ಹೇಳಿದ್ರೂ ತುಂಬಿದೆ ಅಂತಲೇ ಹಿಡಿ" ಅನ್ನುತ್ತಿದ್ದರು ಅಜ್ಜ. ಇಲ್ಲಿನ ರೇಂಜಿನ ಗೋಡೆಯ ಮೇಲೂ ಮೊದಲ ನಿಯಮ ಅದೇ. ಹೊಡೆಯಬಾರದ ಯಾವುದರ ಕಡೆಗೂ ಮೂತಿ ತಿರುಗಿಸಬೇಡಿ. ಗುರಿಗೆ ಕಣ್ಣು ಕೂಡುವ ತನಕ ಬೆರಳು ಟ್ರಿಗರ್‌ನಿಂದ ಹೊರಗೆ. ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಲಿ.

ಕಿವಿ ಮುಚ್ಚದೆ ಹೊಡೆಯಬೇಡಿ. .22 ಆದರೂ ಸುಮಾರು 140 ಡೆಸಿಬೆಲ್ ಇರುತ್ತದೆ. ಹೊಡೆದು ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕಬೇಡಿ. ಬೆರಳಲ್ಲಿ ಸೀಸದ ಪುಡಿ ಇರುತ್ತದೆ.

ತೋಟೆ ಆರಿಸುವಾಗ ಒಂದು ಗುಟ್ಟು. .22 ಸೆಮಿ ಆಟೋ ಒಳಗೆ ಇರುವುದು ಒಂದು ಬೋಲ್ಟು, ಅದರ ಹಿಂದೆ ಒಂದು ಸ್ಪ್ರಿಂಗು. ಗುಂಡು ಹಾರಿದ ಬಲಕ್ಕೆ ಬೋಲ್ಟ್ ಹಿಂದೆ ಸರಿಯಬೇಕು. ಸದ್ದು ಕಮ್ಮಿ ಇರುವ ನಿಧಾನದ ತೋಟೆ ಹಾಕಿದರೆ ಆ ಬಲ ಸಾಲದು, ಖಾಲಿ ಕವಚ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ರೈಫಲ್ ಕೆಟ್ಟಿದೆ ಅಂತ ವಾಪಸ್ ಕೊಡಲು ಓಡುವವರಲ್ಲಿ ಅರ್ಧ ಜನರ ರೋಗ ಇದು. ಸೆಕೆಂಡಿಗೆ 1200 ಅಡಿ ಅಥವಾ ಅದಕ್ಕಿಂತ ಜಾಸ್ತಿ ಅಂತ ಡಬ್ಬಿಯ ಮೇಲೆ ಇರುವುದನ್ನು ತಗೊಳ್ಳಿ. ಸಿಸಿಐ ಮಿನಿ ಮ್ಯಾಗ್ 1235 ಅಡಿಯದ್ದು, ಸ್ವಲ್ಪ ದುಬಾರಿ. ಒಂದು ನೂರರ ಡಬ್ಬಿ ಅದನ್ನು ಹೊಡೆದು ರೈಫಲ್ ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಎರಡು ಮೂರು ಬಗೆಯ ಅಗ್ಗದ ಡಬ್ಬಿ ತಂದು, ನಿಮ್ಮ ರೈಫಲ್‌ಗೆ ಯಾವುದು ಒಗ್ಗುತ್ತದೆ ನೋಡಿ. ಒಂದೊಂದು ರೈಫಲ್‌ಗೂ ಒಂದೊಂದು ರುಚಿ.

ಯಾವಾಗಲಾದರೂ ಒಂದು ಈಡು ಮಾಮೂಲಿ ಥರ ಢಂ ಅನ್ನದೆ ಪುಸ್ ಅಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು.

ದುಡ್ಡು ಉಳಿದರೆ ಪ್ರಾಜೆಕ್ಟ್ ಆಪಲ್‌ಸೀಡ್ ಅನ್ನುವ, ಗುರಿ ಹೊಡೆಯಲು ಕಲಿಸುವ ಕಾರ್ಯಕ್ರಮದ ಎರಡು ದಿನದ ಶಿಬಿರಕ್ಕೆ ಹೋಗಿ. .22 ರೈಫಲ್‌ನಲ್ಲೇ, 25 ಗಜದ ಆಸುಪಾಸಿನ ಗುರಿಗೇ ಕಲಿಸುತ್ತಾರೆ. ಮಲಗಿ, ಕೂತು, ನಿಂತು ಹೊಡೆಯುವುದು, ತೋಳಿಗೆ ಪಟ್ಟಿ ಬಿಗಿದುಕೊಳ್ಳುವುದು, ಉಸಿರು ಬಿಟ್ಟು ನಿಲ್ಲಿಸಿ ಎಳೆಯುವುದು. ನನಗೆ ಒಂದು ವರ್ಷ ಬಾರದ್ದು ಆ ಎರಡು ದಿನದಲ್ಲಿ ಬಂತು. ಎರಡನೇ ದಿನ ಮಧ್ಯಾಹ್ನ ಮೊಣಕೈ ಕಿತ್ತುಹೋದ ಹಾಗಿತ್ತು, ಅದು ಬೇರೆ. ಕೂರಲು ಮಂದವಾದ ಚಾಪೆ ಒಯ್ಯಿರಿ.

ಊರಿಗೆ ಹೊರಡುವ ಮುಂಚೆ

ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ. .22 ತೋಟೆ ಒಂದಿಂಚು ಉದ್ದ, ಬೆರಳಿಗಿಂತ ಸಣ್ಣ. ಚೀಲದ ಹೊಲಿಗೆಯಲ್ಲಿ, ಜ್ಯಾಕೆಟ್ಟಿನ ಒಳಜೇಬಿನಲ್ಲಿ ಅಡಗಿ ಕೂತಿರುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದ ಸ್ಕ್ಯಾನರ್‌ಗೆ ಮಾತ್ರ ತಪ್ಪದೆ ಕಾಣುತ್ತದೆ. ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟೆ ಸಿಕ್ಕರೂ ಭಾರತದಲ್ಲಿ 1959ರ ಆರ್ಮ್ಸ್ ಆಕ್ಟ್ ಕೇಸು. ಗೊತ್ತಿಲ್ಲದೆ ಬಂತು ಅಂತ ಕೋರ್ಟಿನಲ್ಲಿ ವಾದಿಸಬಹುದು. ಆದರೆ ತಂಗಿಯ ಮದುವೆಗೆ ಅಂತ ತೆಗೆದ ಮೂರು ವಾರದ ರಜೆ ಠಾಣೆ, ವಕೀಲರು ಅಂತ ಓಡಾಡುವುದರಲ್ಲೇ ಮುಗಿದುಹೋಗುತ್ತದೆ.

ನಾನು ಸೂಟ್‌ಕೇಸ್ ತುಂಬುವ ಹಿಂದಿನ ದಿನ ಜೇಬುಗಳನ್ನೆಲ್ಲ ಹೊರಗೆ ತಿರುವಿ, ಅಂಗಳದಲ್ಲಿ ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಜ್ಯಾಕೆಟ್ ಕೊಡವುತ್ತೇನೆ. ಹೋದ ವರ್ಷ ಎರಡು ಉದುರಿದವು.